ಏನೂ ಆಗದಂತೆ ನೋಡಿಕೊಂಡವರು

ನಮ್ಮ ಸಾಹೇಬರು ಮಧ್ಯಾಹ್ನ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡು, ಎಡಮಗ್ಗುಲಾಗಿ ಮಲಗಿ, ಮತ್ತೆ ಏಳಲಿಲ್ಲ. ಇಷ್ಟು ಸುರಕ್ಷಿತವಾದ ಸಾವನ್ನು ನಾನು ಕೇಳಿಲ್ಲ. ಮೇಲೆ ತೂಗಾಡುವ ಒಣ ಟೊಂಗೆಯಿಲ್ಲ, ಕಾಲಿಗೆ ತೊಡರುವ ಬೇರಿಲ್ಲ, ಪಕ್ಕದಲ್ಲಿ ಹೆಂಡತಿಯೂ ಇದ್ದರು. ಕೆಲಸದ ಜಾಗದಲ್ಲಿ ಯಾರೂ ಒಬ್ಬಂಟಿಯಾಗಿರಬಾರದು ಎಂದು ಅವರೇ ನಮಗೆಲ್ಲ ಗಂಟಲು ಹರಿದುಕೊಂಡು ಹೇಳುತ್ತಿದ್ದರಲ್ಲ, ತಾವೂ ಹಾಗೆಯೇ ಪಾಲಿಸಿದರು.

ನಾನು ಹೈದರಾಬಾದಿನಲ್ಲಿ ಮರ ಕಡಿಸುವ ಒಂದು ವಿಭಾಗದಲ್ಲಿ ಸೂಪರ್‌ವೈಸರ್. ರಸ್ತೆಗೆ ವಾಲಿದ ಮರ, ಗಾಳಿಗೆ ಬಿದ್ದ ಮರ, ಪಟಾನ್‌ಚೆರು ಆಚೆಗಿನ ನೀಲಗಿರಿ ತೋಪು, ಎಲ್ಲವನ್ನೂ ಕಡಿಸುವುದು ನಮ್ಮ ಕೆಲಸ. ಹೆಂಗಸು ಮರ ಕಡಿಸುತ್ತಾಳೆ ಎಂದರೆ ಮದುವೆಮನೆಗಳಲ್ಲಿ ಮಂದಿ ಮೊದಲು ನನ್ನ ಕೈ ನೋಡುತ್ತಾರೆ, ಆಮೇಲೆ ನನ್ನ ಗಂಡನ ಮುಖ ನೋಡುತ್ತಾರೆ. ನೋಡಲಿ ಬಿಡಿ. ಸಾಹೇಬರು ಇದೇ ವಿಭಾಗದಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದವರು. ಗರಗಸದ ಯಂತ್ರವನ್ನು ಹೇಗೆ ಹಿಡಿಯಬೇಕು, ಮರವನ್ನು ಯಾವ ಕಡೆಗೆ ಬೀಳಿಸಬೇಕು, ಬೀಳುವಾಗ ಎಲ್ಲಿ ನಿಲ್ಲಬೇಕು ಎಂದು ಕಡಿಯುವವರಿಗೆ ಕಲಿಸುವುದು ಅವರ ಕೆಲಸವಾಗಿತ್ತು. ಹೆಸರು ಬರೆಯುವುದಿಲ್ಲ. ಅವರಿಗೆ ಹೆಸರಿನ ಆಸೆ ಬಹಳ ಇತ್ತು. ಆದರೂ ಬರೆಯುವಂತಿಲ್ಲ, ಯಾಕೆಂಬುದು ಓದುತ್ತ ಹೋದರೆ ತಿಳಿಯುತ್ತದೆ.

ಹುಮನಾಬಾದ್ ಕಡೆಯ ಪೌರೋಹಿತ್ಯದ ಮನೆತನ. ಅಜ್ಜನ ಕಾಲಕ್ಕೆ ಹೈದರಾಬಾದಿಗೆ ಬಂದವರು. ದೊಡ್ಡ ದೇಹ, ದೊಡ್ಡ ದನಿ, ಕೊರಳಲ್ಲಿ ರುದ್ರಾಕ್ಷಿಯ ಜೊತೆಗೆ ಒಂದು ಸೀಟಿ. ತಮ್ಮ ದನಿಯ ಮೇಲೆ ಅವರಿಗೇ ಎಷ್ಟು ಮೋಹವೆಂದರೆ, ಮೈಕ್ ಕೆಟ್ಟರೆ ಮುಖ ಅರಳುತ್ತಿತ್ತು. ತಲೆಯ ಮೇಲೆ ಯಾವಾಗಲೂ ಕಿತ್ತಳೆ ಬಣ್ಣದ ಹೆಲ್ಮೆಟ್, ಅದಕ್ಕೆ ಕಿವಿ ಮುಚ್ಚುವ ಬಟ್ಟಲು, ಮುಖಕ್ಕೆ ಜಾಳಿಗೆ. ಮರ ಕಡಿಯುವವರ ಹೆಲ್ಮೆಟ್ ಅದು. ಸಾಹೇಬರು ಅದನ್ನೇ ಹಾಕಿಕೊಂಡು ಸ್ಕೂಟರ್ ಮೇಲೆ ಮನೆಗೆ ಹೋಗುತ್ತಿದ್ದರು. ಒಂದು ಸಂಜೆ ಲಿಂಗಂಪಲ್ಲಿಯ ಹತ್ತಿರ ಪೊಲೀಸಿನವನು ನಿಲ್ಲಿಸಿ, ಹೆಲ್ಮೆಟ್ ಹಾಕಿಲ್ಲವೆಂದು ಚಲನ್ ಬರೆದ. "ತಲಿ ಮ್ಯಾಲೆ ಏನೈತಿ ನೋಡೋ ಮಾರಾಯಾ" ಎಂದು ಇವರು ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಕೇಳಿದರಂತೆ. ಅದು ಮರ ಬಿದ್ದರೆ ತಡೆಯುವ ಹೆಲ್ಮೆಟ್, ಮನುಷ್ಯ ಬಿದ್ದರೆ ತಡೆಯುವುದಲ್ಲ ಎಂದು ಪೊಲೀಸಿನವನು ವಿವರಿಸಿದ. ಮರುದಿನ ಸಾಹೇಬರು ಇಡೀ ಡಿಪೋದ ಮುಂದೆ ಆ ಪೊಲೀಸಿನವನನ್ನು ಹೊಗಳಿದರು. ಇಡೀ ಶಹರದಲ್ಲಿ ತಮ್ಮನ್ನು ಬಿಟ್ಟರೆ ಹೆಲ್ಮೆಟ್ಟಿನ ಬಗ್ಗೆ ಇಷ್ಟು ವಿಚಾರ ಮಾಡುವವನು ಅವನೊಬ್ಬನೇ ಅಂತೆ.

ಎಲ್ಲಿಗೇ ಹೋಗಲಿ, ಒಳಗೆ ಕಾಲಿಡುವ ಮೊದಲು ತಲೆಯೆತ್ತಿ ಮೇಲೆ ನೋಡುವ ಚಟ. ಮರದ ಕೆಳಗೆ ಸರಿ, ಮೇಲಿನ ಕೊಂಬೆಗಳಲ್ಲಿ ಸಿಕ್ಕಿಕೊಂಡ ಒಣ ಟೊಂಗೆ ಯಾವಾಗ ಬೇಕಾದರೂ ಕಳಚಿ ತಲೆಯ ಮೇಲೆ ಬೀಳಬಹುದು. ಅದಕ್ಕೆ ಅವರಿಟ್ಟ ಹೆಸರು "ಕುಂಕುಮ ಅಳಿಸೂ ಟೊಂಗಿ". ಆದರೆ ಬ್ಯಾಂಕು, ಹೋಟೆಲು, ನನ್ನ ತಂಗಿಯ ಮದುವೆಯ ಮಂಟಪ? ಅಲ್ಲಿಯೂ ಮೇಲೆ ನೋಡಿ, ಗಾಜಿನ ದೀಪದ ಗೊಂಚಲಿನಿಂದ ದೂರ ಕುರ್ಚಿ ಎಳೆದುಕೊಂಡು ಕೂತರು. ಅಕ್ಷತೆ ಹಾಕಲು ಏಳಿ ಎಂದರೆ ನನ್ನ ಕಿವಿಯಲ್ಲಿ, "ಬಾಯಾರ, ಹಿಂದ ಎಡಕ್ಕೊಂದು ಬಾಗಲಾ ಐತಿ, ಹಿಂದ ಬಲಕ್ಕ ಅಡಗಿಮನಿ ಐತಿ. ಏನರ ಆದ್ರ ಅಡಗಿಮನಿ ಕಡೆ ಓಡ್ರಿ" ಎಂದರು. ಅವರ ಹೆಂಡತಿ ಹಣೆ ಬಡಿದುಕೊಂಡರು. "ಇವರು ತಾಳಿ ಕಟ್ಟೂಮುಂದನೂ ಮ್ಯಾಲೆ ನೋಡಿದವರ್ರಿ. ನನ್ನ ಮುಖ ನೋಡಿದ್ದು ಮರುದಿನಾ."

ಓಡುವುದು ಅವರ ಪಾಠದ ಮುಖ್ಯ ಅಧ್ಯಾಯ. ಮರಕ್ಕೆ ಗರಗಸ ತಾಗಿಸುವ ಮೊದಲೇ, ಅದು ಬೀಳುವ ದಿಕ್ಕಿಗೆ ಬೆನ್ನು ಹಾಕಿ, ಹಿಂದಕ್ಕೆ ಓರೆಯಾಗಿ ಎರಡು ದಾರಿ ಕಸಕಡ್ಡಿಯಿಲ್ಲದೆ ತೆಗೆದಿಡಬೇಕು. ಕೊಯ್ಯದೆ ಬಿಟ್ಟ ಕೀಲಿನ ಮೇಲೆ ಮರ ವಾಲತೊಡಗಿದ ಕ್ಷಣಕ್ಕೆ ಆ ದಾರಿಯಲ್ಲಿ ಸರಿದುಬಿಡಬೇಕು, ನಿಂತು ತಮಾಷೆ ನೋಡಬಾರದು. ಇದನ್ನು ಸಾಹೇಬರು ಬಾಯಲ್ಲಿ ಹೇಳಿ ಬಿಡುತ್ತಿರಲಿಲ್ಲ, ಓಡಿ ತೋರಿಸುತ್ತಿದ್ದರು. ಆ ದೇಹ, ಆ ಹೆಲ್ಮೆಟ್, ಒಂದು ಕೈಯಲ್ಲಿ ಜಾರುವ ಪ್ಯಾಂಟು, ಬಾಯಲ್ಲಿ ಸೀಟಿ. ಮರ ಮಾತ್ರ ಗಟ್ಟಿಯಾಗಿ ನಿಂತೇ ಇರುತ್ತಿತ್ತು. ಗಚ್ಚಿಬೌಲಿಯಲ್ಲಿ ಒಮ್ಮೆ ಐಟಿ ಕಂಪನಿ ಹುಡುಗರು ಇದನ್ನು ಫೋನಿನಲ್ಲಿ ಹಿಡಿದು ಊರೆಲ್ಲ ಹಂಚಿದರು. ನಿಂತ ಮರಕ್ಕೆ ಹೆದರಿ ಓಡುವ ಸರ್ಕಾರಿ ಮನುಷ್ಯ! ನಮ್ಮ ಕೆಲಸಗಾರರು ಅವರಿಗೆ 'ಉರುಕುಡು ಸಾರು' ಎಂದು ಹೆಸರಿಟ್ಟರು. ಉರುಕುಡು ಎಂದರೆ ಇಲ್ಲಿಯ ತೆಲುಗಿನಲ್ಲಿ ಓಟ. ನನಗೆ ಮೈಯೆಲ್ಲ ಉರಿಯಿತು. ಇವರು ಮಾತ್ರ ಆ ವಿಡಿಯೊ ತರಿಸಿಕೊಂಡು ಮತ್ತೆ ಮತ್ತೆ ನೋಡಿ, "ಎಡಗಾಲು ಸ್ವಲ್ಪ ತಡಾ ಎತ್ತೀನಿ" ಎಂದರು.

ಇಷ್ಟೆಲ್ಲ ಓಟ, ಸೀಟಿ, ಕೂಗಾಟ ಯಾರಿಗಾಗಿ? ಎಲ್ಲರಿಗಾಗಿ ಎಂದು ಹೇಳುತ್ತಿದ್ದರು. ಆದರೆ ನಮಗೆ ಗೊತ್ತಿತ್ತು, ಅವರ ಕಣ್ಣೆಲ್ಲ ಯಾದಯ್ಯನ ಮೇಲೆ. ಯಾದಯ್ಯ ನಮ್ಮ ತಂಡದ ಮುಖ್ಯ ಗರಗಸದವನು. ಜಹೀರಾಬಾದಿನ ಕಡೆಯವನು. ಸಾಹೇಬರೂ ನಾನೂ ಎರಡು ವರ್ಷ ಅವನೆದುರಿಗೇ ಅವನನ್ನು ಕನ್ನಡದಲ್ಲಿ ಬೈದುಕೊಂಡಿದ್ದೆವು, ತಿಳಿಯುವುದಿಲ್ಲ ಎಂಬ ಭರವಸೆಯಲ್ಲಿ. ಒಂದು ದಿನ ಆತ ಬೀಡಿ ಆರಿಸುತ್ತ, "ಸಾರ್, ಹುಂಬ ಅಂದ್ರಿ, ಆಯ್ತು. ಕತ್ತೆ ಅಂದ್ರಲ್ಲ, ಅದು ಹೆಚ್ಚಾಯ್ತು" ಎಂದ. ಬೀದರಿನ ಗಡಿಯವನಿಗೆ ಕನ್ನಡ ಬಾರದಿರುತ್ತದೆಯೇ? ನಮ್ಮ ಬುದ್ಧಿಗೆ ಮಣ್ಣು. ಓದಲು ಮಾತ್ರ ಬರುವುದಿಲ್ಲ, ಆ ಧೈರ್ಯದ ಮೇಲೆಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಯಾದಯ್ಯನ ಕೆಲಸ ನೋಡಲು ಚೆಂದ. ಅಷ್ಟೇ ಹೆದರಿಕೆ. ಕಾಲಿಗೆ ರಬ್ಬರ್ ಚಪ್ಪಲಿ, ಮಡಚಿ ಕಟ್ಟಿದ ಲುಂಗಿ, ಹೆಗಲ ಮೇಲೆ ಟವೆಲ್. ಯಂತ್ರವನ್ನು ನೆಲಕ್ಕಿಟ್ಟು ಹಿಡಿಕೆಯನ್ನು ಬೂಟಿನಿಂದ ಒತ್ತಿ ಹಿಡಿದು ಶುರು ಮಾಡಬೇಕು ಎಂದರೆ, ಅವನು ಗಾಳಿಯಲ್ಲಿ ತೂಗಾಡಿಸಿ ಒಂದೇ ಜಗ್ಗಿಗೆ ಶುರು ಮಾಡುತ್ತಿದ್ದ. ಹೆಲ್ಮೆಟ್ ಎಂದರೆ ಕೆಲಸ ಬಾರದವರ ಟೋಪಿ ಎಂದು ಅವನ ನಂಬಿಕೆ. ಏನೇ ಹೇಳಿದರೂ ಒಂದೇ ಉತ್ತರ: "ಏಂ ಕಾದು, ಸಾರ್." ಏನೂ ಆಗುವುದಿಲ್ಲ.

ಕಾಲಿನ ಕವಚ ತೊಡಿಸಲು ಸಾಹೇಬರು ಒಂದು ಪ್ರದರ್ಶನ ಏರ್ಪಡಿಸಿದರು. ಗರಗಸ ತಾಗಿದೊಡನೆ ಒಳಗಿನ ನಾರು ಬಿಚ್ಚಿ ಸರಪಳಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸಿಬಿಡುವ ದಪ್ಪ ಕವಚ ಅದು. ತಮ್ಮದೇ ಹಳೆಯ ಪ್ಯಾಂಟಿನ ಕಾಲಲ್ಲಿ ಒಂದು ಕಲ್ಲಂಗಡಿ ತುರುಕಿದರು, ಕವಚದೊಳಗೆ ಇನ್ನೊಂದು. ಪ್ಯಾಂಟಿನ ಹಣ್ಣಿಗೆ ಗರಗಸ ತಾಗಿಸಿದರೆ ಕೆಂಪು ರಸ ಡಿಪೋದ ಗೋಡೆಗೆಲ್ಲ ಸಿಡಿಯಿತು. ಕವಚದ ಹಣ್ಣಿನ ಸಿಪ್ಪೆಗೂ ಗೀರು ಬೀಳಲಿಲ್ಲ, ಸರಪಳಿ ನಾರಿನಲ್ಲಿ ಸಿಕ್ಕಿ ನಿಂತಿತು. ಸಾಹೇಬರು ವಿಜಯದಿಂದ ತಂಡದ ಕಡೆ ತಿರುಗಿದರು. ತಂಡ ಆಗಲೇ ಎರಡೂ ಹಣ್ಣಿನ ಸುತ್ತ ಕೂತಿತ್ತು. ಯಾದಯ್ಯ ಬೀಜ ಉಗುಳುತ್ತ, "ಸಾರ್, ನನ್ನ ಕಾಲು ಕಲ್ಲಂಗಡಿ ಅಲ್ಲ" ಎಂದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಆ ದಿನ ಗೋಡೆ ತೊಳೆಸುತ್ತ ನಿಂತಾಗ ನಾನು ಸಿಟ್ಟಿನಿಂದ ಕೇಳಿದೆ, "ಹೋಗಲಿ ಬಿಡ್ರಿ ಸಾಹೇಬರ. ಅವನ ಕಾಲು, ಅವನ ಹಣೆಬರಹ. ನಿಮಗ್ಯಾಕ ಇಷ್ಟು ಸಂಕಟ?"

ಅವರು ಸೀಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು: "ನಾ ನೌಕರಿಗೆ ಸೇರಿದ ಹೊಸದರಾಗ ಒಬ್ಬಾಂವ ಮರದ ಕೆಳಗ ಹ್ವಾದಾ. ಅವನ ಹೇಣ್ತಿಗೆ ಹೇಳಿ ಬಾ ಅಂತ ನನ್ನ ಕಳಸಿದ್ರು. ಬಾಗಲದಾಗ ನಿಂತ್ರ ಬಾಯಿ ಬರಲಿಲ್ಲ. ಕುಡಿಯಾಕ ನೀರು ಕೊಡವಾ ಅಂದೆ. ಆಕಿ ತಂಬಿಗಿ ತೊಳದು ತಂದು ಕೊಟ್ಳು. ಕುಡದೆ. ಆಮ್ಯಾಲ ಹೇಳಿದೆ. ಆ ನೀರು ಇನ್ನೂ ನನ್ನ ಗಂಟಲದಾಗ ಐತ್ರಿ ಬಾಯಾರ. ಯಾದಯ್ಯನ ಮನಿ ಬಾಗಲಕ್ಕ ನಾ ಹೋಗೂದಿಲ್ಲ. ಅವ ಮುದುಕ ಆಗಬೇಕು, ಕೆಮ್ಮಬೇಕು, ಸೊಸಿ ಕಡೆ ಬೈಸಿಕೊಂಡು ಕುಂದರಬೇಕು."

ಇನ್ನು ಆಯುಧಪೂಜೆಯ ಕತೆ. ನಮ್ಮ ಡಿಪೋದಲ್ಲಿ ಅದು ದೊಡ್ಡ ಹಬ್ಬ. ಗರಗಸದ ಯಂತ್ರಗಳನ್ನೆಲ್ಲ ತೊಳೆದು, ಸಾಲಾಗಿಟ್ಟು, ಕುಂಕುಮ ಹಚ್ಚಿ, ಚೆಂಡುಹೂವು ಮುಡಿಸಿ, ಒಂದೊಂದಕ್ಕೂ ಅರಿಶಿನದ ದಾರ ಕಟ್ಟುತ್ತಾರೆ. ಕಟ್ಟಿದ ದಾರವನ್ನು ಯಾರೂ ಬಿಚ್ಚಬಾರದು, ಕೊಯ್ಯಬಾರದು. ತಾನಾಗಿ ಸವೆದು ಬೀಳಬೇಕು. ಅಲ್ಲಿಯವರೆಗೆ ದೇವಿ ಯಂತ್ರದಲ್ಲಿ ಕೂತಿರುತ್ತಾಳೆ. ಆ ವರ್ಷ ಪೂಜಾರಿ ಬರಲಿಲ್ಲ. ಅವನಿಗೆ ಎಲ್ಲ ಕಾರ್ಖಾನೆಗಳಿಂದಲೂ ಕರೆ. ಸಾಹೇಬರು ಕಾಯುತ್ತಿದ್ದವರಂತೆ ಅಂಗಿ ಬಿಚ್ಚಿ, ಶಲ್ಯ ಹೊದ್ದು ಕೂತೇಬಿಟ್ಟರು. ಮನೆತನದ ಮಂತ್ರ, ಮೈಕಿಲ್ಲದ ದನಿ, ಪಕ್ಕದ ಔಷಧ ಕಾರ್ಖಾನೆಯ ಮಂದಿಯೂ ಗೇಟಿಗೆ ಬಂದು ಕೈ ಮುಗಿದರು. ಕೊನೆಗೆ ಪ್ರತಿ ಯಂತ್ರಕ್ಕೂ ತಾವೇ ದಾರ ಕಟ್ಟಿದರು. ಎಲ್ಲಿ ಕಟ್ಟಬೇಕು? ಗರಗಸದಲ್ಲಿ ದಾರ ನಿಲ್ಲುವ ಜಾಗವೇ ಕಡಿಮೆ. ಎದುರಿಗೆ ಚೆಂದ ಕಾಣುವ ಹಾಗೆ, ಮುಂದಿನ ಹಿಡಿಕೆಗೂ ಅದರ ಮುಂದೆ ಅಂಗೈಯಂತೆ ಎದ್ದು ನಿಂತ ಪ್ಲಾಸ್ಟಿಕ್ ಗುರಾಣಿಗೂ ಸೇರಿಸಿ ಬಿಗಿದು, ಮೂರು ಗಂಟು ಹಾಕಿದರು. ವರ್ಷವರ್ಷವೂ ಪೂಜಾರಿ ಕಟ್ಟುತ್ತಿದ್ದುದು ಅಲ್ಲಿಯೇ. ಆದರೆ ಅವನ ದಾರ ಸಡಿಲ, ಅವಸರದ್ದು. ಸಾಹೇಬರದು ಶ್ರದ್ಧೆಯ ಗಂಟು.

ಆ ಗುರಾಣಿಯೇ ಯಂತ್ರದ ಬ್ರೇಕು. ಗರಗಸದ ಸರಪಳಿ ಓಡುವ ಪಟ್ಟಿಯ ತುದಿ ಕಾಣದ ಟೊಂಗೆಗೆ ತಾಗಿದರೆ ಯಂತ್ರ ಒಮ್ಮೆಲೇ ಹಾವಿನ ಹೆಡೆಯಂತೆ ಎದ್ದು, ಹಿಡಿದವನ ಮುಖಕ್ಕೇ ಬರುತ್ತದೆ. ಆಗ ಗುರಾಣಿ ಮಣಿಕಟ್ಟಿಗೆ ಬಡಿದು ಮುಂದಕ್ಕೆ ವಾಲಬೇಕು, ವಾಲಿದರೆ ಸರಪಳಿ ಟಕ್ಕನೆ ನಿಲ್ಲುತ್ತದೆ. ಹಿಡಿಕೆಗೆ ಬಿಗಿದರೆ ವಾಲುವುದೆಲ್ಲಿಂದ? ಇದನ್ನು ಇಡೀ ಜಿಲ್ಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಮನುಷ್ಯ, ಅಷ್ಟೂ ಯಂತ್ರಗಳ ಬ್ರೇಕನ್ನು ತನ್ನ ಕೈಯಾರೆ, ಮಂತ್ರಸಹಿತ ಕಟ್ಟಿಹಾಕಿದ್ದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿತ್ತಂತೆ.

ದಸರಾ ಮುಗಿಸಿ ಊರಿನಿಂದ ಎಲ್ಲರೂ ಮರಳಿದ ಮೇಲೆ ನೀಲಗಿರಿ ತೋಪಿನಲ್ಲಿ ಕೆಲಸ ಶುರುವಾಯಿತು. ಯಾದಯ್ಯ ಬಿದ್ದ ಮರದ ಕೊಂಬೆ ಸವರುತ್ತಿದ್ದ. ಪಟ್ಟಿಯ ತುದಿ ಎಲ್ಲಿಗೋ ತಾಗಿತು. ಯಂತ್ರ ಎದ್ದಿತು. ಸರಪಳಿ ತಿರುಗುತ್ತಲೇ ಅವನ ಹೆಗಲ ಮೇಲಿಂದ ಹಾದುಹೋಯಿತು, ಟವೆಲ್ಲು ಎರಡು ತುಂಡಾಗಿ ಬಿತ್ತು. ಆಮೇಲೆ ಯಾದಯ್ಯ ಟವೆಲ್ಲಿನ ಎರಡು ತುಂಡನ್ನೂ ಎತ್ತಿ ತೋರಿಸಿ, "ಒಂದು ನನಗೆ, ಒಂದು ನನ್ನ ತಮ್ಮಗೆ" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು.

ಸಾಹೇಬರು ನಗಲಿಲ್ಲ. ಹತ್ತಿರ ಹೋಗಿ, ಯಂತ್ರದ ಗುರಾಣಿಯನ್ನು ಬೆರಳಿನಿಂದ ತಳ್ಳಿ ನೋಡಿದರು. ಅಲುಗಲಿಲ್ಲ. ಗಂಟು ನೋಡಿದರು. ತಮ್ಮ ಕೈಗಳನ್ನು ನೋಡಿಕೊಂಡರು. ಅಷ್ಟು ದೊಡ್ಡ ಮನುಷ್ಯ ತರಗೆಲೆಯ ಮೇಲೆ ಕುಕ್ಕರಿಸಿ ಕೂತುಬಿಟ್ಟರು, ಮೇಲೆ ನೋಡದೆ. ಸ್ವಲ್ಪ ಹೊತ್ತಿಗೆ ಎದ್ದು, ಹಗ್ಗ ಕೊಯ್ಯಲು ನಾನು ಹಿಡಿದಿದ್ದ ಚಾಕು ಕಸಿದುಕೊಂಡು ಆ ದಾರವನ್ನು ಕೊಯ್ದರು. ಒಂದರ ಹಿಂದೆ ಒಂದು, ಎಲ್ಲ ಯಂತ್ರಗಳ ದಾರಗಳನ್ನೂ ಕೊಯ್ದರು.

ಈಗ ನಗು ನಿಂತಿತು. ಟವೆಲ್ ತುಂಡಾದಾಗ ಬಾರದ ಹೆದರಿಕೆ ದಾರ ತುಂಡಾದಾಗ ಬಂತು. ಯಾದಯ್ಯನ ಮುಖ ಕಪ್ಪಿಟ್ಟಿತು. "ನೀವೇ ಮಂತ್ರ ಹೇಳಿ ಕಟ್ಟಿದ್ರಿ, ನೀವೇ ಕೊಯ್ದ್ರಿ. ದೇವಿ ಎದ್ದು ಹೋದ್ಳು ಸಾರ್. ಈ ಮಿಷಿನ್ ನಾನು ಮುಟ್ಟಲ್ಲ. ಯಾರೂ ಮುಟ್ಟಲ್ಲ."

"ದಾರ ಬ್ರೇಕ್ ಹಿಡದಿತ್ತೋ ತಮ್ಮಾ, ತಪ್ಪು ನಂದು" ಎಂದರು ಸಾಹೇಬರು. ಯಾರೂ ಕೇಳಿಸಿಕೊಳ್ಳಲಿಲ್ಲ. ಹೆಲ್ಮೆಟ್ ಇಲ್ಲದೆ, ಬೂಟಿಲ್ಲದೆ, ಕವಚವಿಲ್ಲದೆ ಮರ ಕಡಿಯುವ ಗಂಡುಗಲಿಗಳು ದಾರವಿಲ್ಲದ ಯಂತ್ರ ಮುಟ್ಟಲು ಹೆದರಿ, ನೆರಳಿಗೆ ಹೋಗಿ ಕೂತರು. ಕೆಲಸ ನಿಂತಿತು.

ಸಾಹೇಬರು ಅಲ್ಲಿಂದಲೇ ದೊಡ್ಡ ಅಧಿಕಾರಿಗೆ ಫೋನು ಮಾಡಿ, ತಮ್ಮ ಮೇಲೆ ತಾವೇ ದೂರು ಹೇಳಿಕೊಂಡರು. ಬ್ರೇಕುಗಳನ್ನು ನಾನೇ ಕಟ್ಟಿಹಾಕಿದ್ದೆ, ಒಬ್ಬನ ಪ್ರಾಣ ಹೋಗುವುದಿತ್ತು ಎಂದರು. ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸಿತು. "ಯಾರಿಗಾದರೂ ಏನಾದರೂ ಆಯಿತೇ? ಇಲ್ಲವಲ್ಲ? ಮತ್ತೇನು ರಿಪೋರ್ಟು? ಕೆಲಸ ಯಾಕೆ ನಿಂತಿದೆ, ಅದನ್ನು ಹೇಳಿ." ಕಡೆಗೆ ಅವರಿಗೆ ಮೆಮೊ ಬಂದದ್ದು ಕೆಲಸ ತಡವಾಗಿದ್ದಕ್ಕೆ.

ಮರುದಿನ ಬೆಳಿಗ್ಗೆ ಹಿತ್ತಾಳೆ ತಟ್ಟೆ, ನಿಂಬೆಹಣ್ಣು, ಹೊಸ ದಾರದ ಉಂಡೆ ಹಿಡಿದು ಬಂದರು. ಕಣ್ಣು ಕೆಂಪಾಗಿದ್ದವು. ಎಲ್ಲರನ್ನೂ ಯಂತ್ರಗಳ ಮುಂದೆ ಕೂರಿಸಿ, ನಾನು ಎಂದೂ ಕೇಳಿರದ ಒಂದು ಶ್ಲೋಕವನ್ನು ರಾಗವಾಗಿ ಹೇಳಿದರು. ಆಮೇಲೆ ಕೇಳಿದರು, "ಯಾದಯ್ಯಾ, ನಿಮ್ಮ ಮೈಸಮ್ಮ ತಾಯಿ ಒಂದು ಕೈ ಹಿಂಗ ಎತ್ತಿರತಾಳಲ್ಲ, ಅಂಗೈ ತೋರಿಸಿ? ಯಾಕ?"

"ಭಯಪಡಬ್ಯಾಡ್ರಿ, ನಾನು ಅದೀನಿ ಅಂತ."

"ಹೌದಲ್ಲ? ಈಗ ಈ ಗುರಾಣಿ ನೋಡು. ಹೆಂಗೈತಿ? ಎತ್ತಿದ ಅಂಗೈ ಹಂಗ ಐತಿಲ್ಲ? ಇದು ಆಕಿ ಅಭಯಹಸ್ತ. ಮೊನ್ನೆ ನಾ ದಡ್ಡ ಅದಕ್ಕ ಹಗ್ಗಾ ಬಿಗದೆ. ದೇವಿ ಕೈ ಕಟ್ಟಿದ್ರ ಆಕಿ ಕಾಯೂದು ಹೆಂಗ? ಅದಕ್ಕ ಟವೆಲ್ ಹರದು ನನಗ ಬುದ್ಧಿ ಹೇಳಿದ್ಳು."

ಎಲ್ಲರೂ ಗುರಾಣಿಯನ್ನು ನೋಡಿದರು. ಯಾದಯ್ಯ ಮೆಲ್ಲಗೆ ಎದ್ದು, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಅಂದಿನಿಂದ ದಾರ ಕಟ್ಟುವುದು ಹಿಂದಿನ ಹಿಡಿಕೆಯ ಬುಡಕ್ಕೆ, ಕಡಿಯುವವನ ಮಣಿಕಟ್ಟಿಗೆ ಮತ್ತೊಂದು ಎಂದು ನೇಮವಾಯಿತು. ಸಾಹೇಬರು ಅಲ್ಲಿಗೆ ಬಿಡುವವರೇ? ಮಣಿಕಟ್ಟಿನ ದಾರಕ್ಕೆ ಮರದ ಹೊಟ್ಟು, ಎಣ್ಣೆ ತಾಗಿದರೆ ಮೈಲಿಗೆ, ಆದ್ದರಿಂದ ಅದು ಗ್ಲೌಸಿನೊಳಗೇ ಇರಬೇಕು ಎಂದರು. ಅಷ್ಟು ಸುತ್ತೋಲೆಗಳು ತೊಡಿಸಲಾಗದ ಗ್ಲೌಸನ್ನು ಒಂದು ಗಜ ದಾರ ತೊಡಿಸಿತು. ದೇವಿಯ ಮುಂದೆ ಬರಿದಲೆಯಲ್ಲಿ ನಿಲ್ಲಬಾರದು ಎಂದು ಮುಂದಿನ ವಾರ ಹೆಲ್ಮೆಟ್ ಬಂತು. ಕಾಲಿನ ಕವಚಕ್ಕೂ ಏನೋ ಒಂದು ಶಾಸ್ತ್ರ ಹುಟ್ಟಿತು, ಅದು ನನಗೆ ನೆನಪಿಲ್ಲ. ಆ ಶ್ಲೋಕ ಯಾವ ಗ್ರಂಥದ್ದು ಎಂದು ನಾನು ಗುಟ್ಟಾಗಿ ಕೇಳಿದೆ. "ಪಟಾನ್‌ಚೆರು ಪುರಾಣರಿ ಬಾಯಾರ. ರಾತ್ರಿ ಕುಂತು ಬರದೀನಿ. ಛಂದಸ್ಸು ಎರಡು ಕಡೆ ಕುಂಟತೈತಿ" ಎಂದರು.

ಕುಂಟುವ ಆ ಶ್ಲೋಕಕ್ಕೆ ಪರೀಕ್ಷೆ ಬಂದದ್ದು ಮುಂದಿನ ಬೇಸಿಗೆಯಲ್ಲಿ. ಗಾಳಿಮಳೆಗೆ ಗಚ್ಚಿಬೌಲಿಯ ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡಿನ ಮೇಲೆ ದೊಡ್ಡ ಮಳೆಮರ ಉರುಳಿತ್ತು. ರಸ್ತೆಯುದ್ದಕ್ಕೂ ಕಾರು, ಕ್ಯಾಬು, ಹಾರ್ನು. ಯಾದಯ್ಯ ದಪ್ಪ ಕೊಂಬೆಯೊಂದನ್ನು ಕೊಯ್ಯುತ್ತಿದ್ದ. ಎಲೆಯ ಮರೆಯಲ್ಲಿ ಇನ್ನೊಂದು ಕೊಂಬೆ ಇತ್ತು, ಯಾರಿಗೂ ಕಂಡಿರಲಿಲ್ಲ. ಪಟ್ಟಿಯ ತುದಿ ಅದಕ್ಕೆ ತಾಗಿತು. ಈ ಸಲ ಯಂತ್ರ ಹೆಗಲಿಗೆ ಬರಲಿಲ್ಲ, ನೇರವಾಗಿ ಕುತ್ತಿಗೆಗೆ ಬಂತು. ನಾನು ಕಣ್ಣು ಮುಚ್ಚಿಕೊಂಡೆ. ಟಕ್ ಎಂದು ಒಂದು ಸಣ್ಣ ಸದ್ದು. ಕಣ್ಣು ಬಿಟ್ಟರೆ ಗುರಾಣಿ ಮುಂದಕ್ಕೆ ವಾಲಿತ್ತು, ಸರಪಳಿ ನಿಂತಿತ್ತು. ಅದರ ಹಲ್ಲುಗಳಿಗೂ ಯಾದಯ್ಯನ ಗಂಟಲಿಗೂ ನಡುವೆ ಒಂದು ಗೇಣು.

ಯಾದಯ್ಯ ಯಂತ್ರ ಕೆಳಗಿಟ್ಟ. ಗ್ಲೌಸು ಸರಿಸಿ, ಬಣ್ಣಗೆಟ್ಟ ದಾರಕ್ಕೆ ಮುತ್ತಿಟ್ಟ. "ಮೈಸಮ್ಮ ತಲ್ಲಿ, ನೀನೇ ಕಾಪಾಡಿದೆ, ನಿನ್ನ ದಾರ ಕಾಪಾಡಿತು" ಎಂದು ರಸ್ತೆಯ ಮೇಲೇ ಅಡ್ಡಬಿದ್ದ. ಮುಂದಿನ ಭಾನುವಾರ ಮೈಸಮ್ಮನ ಗುಡಿಯ ಮುಂದೆ ಕೋಳಿ ಬಿತ್ತು, ತಂಡಕ್ಕೆಲ್ಲ ಊಟ. ದೇವಿಗೆ ಸೀರೆ, ಪೂಜಾರಿಗೆ ಪಂಚೆ, ಗೆಳೆಯರಿಗೆ ಕಳ್ಳು. ಸಾಹೇಬರಿಗೆ ಎರಡು ಬಾಳೆಹಣ್ಣು, ಅವರು ಮಾಂಸ ತಿನ್ನುವುದಿಲ್ಲ ಎಂಬ ಕಾರಣಕ್ಕೆ.

ಒಂದು ಸಣ್ಣ ಕೆಲಸ ಮಾಡಿದರೂ ಮೂರು ಸಲ ಹೇಳಿಕೊಳ್ಳುವ ಮನುಷ್ಯ. ಕಚೇರಿಯ ಗಡಿಯಾರಕ್ಕೆ ಸೆಲ್ ಹಾಕಿದ್ದನ್ನು ತಿಂಗಳುಗಟ್ಟಲೆ ಹೇಳಿದವರು. ಈಗ ಬಾಳೆಹಣ್ಣು ಸುಲಿಯುತ್ತ ಸುಮ್ಮನೆ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. "ಸಾಹೇಬರ, ಹೇಳ್ರಿ ಅವಗ. ದಾರ ಅಲ್ಲ, ಬ್ರೇಕ್ ಉಳಿಸಿದ್ದು ಅಂತ. ನಿಮ್ಮಿಂದ ಉಳದಾನ. ನೀವು ಹೇಳದಿದ್ರ ನಾ ಹೇಳತೀನಿ."

"ಹೇಳಿದ್ರ ಗ್ಲೌಸ್ ಬಿಚ್ಚತಾನ್ರಿ" ಎಂದರು.

"ಅಂದ್ರ?"

"ದಾರದ ಮ್ಯಾಲಿನ ಭಕ್ತಿ ಹ್ವಾದ್ರ ಗ್ಲೌಸ್ ಹೋಗತೈತಿ. ಗ್ಲೌಸ್ ಹ್ವಾದ್ರ ಹೆಲ್ಮೆಟ್ ಹೋಗತೈತಿ. ನಾಳೆ ಆ ಗುರಾಣಿ ಅಡ್ಡ ಬರತೈತಿ ಅಂತ ತಂತಿ ಬಿಗಿತಾನ. ನನಗೂ ಆಶಾ ಐತ್ರಿ ಬಾಯಾರ, ಭಾಳ ಐತಿ. ಒಂದು ಶಾಲು ಹೊಚ್ಚಲಿ, ಸಾರ್ ನೀವ ಉಳಿಸಿದ್ರಿ ಅನ್ನಲಿ ಅಂತ. ಆದ್ರ ಏನ್ ಮಾಡೂದು? ಆಕಿ ಹೆಸರು ಹೇಳಿಕೋತ ಮುದುಕ ಆಗಲಿ." ಇಷ್ಟು ಹೇಳಿ, ಇನ್ನೊಂದು ಬಾಳೆಹಣ್ಣನ್ನು ನನ್ನ ಕೈಗಿಟ್ಟರು.

ಆಮೇಲೆ ಸಾಹೇಬರು ನಿವೃತ್ತರಾದರು. ಬೀಳ್ಕೊಡುವಾಗ ಶಾಲು ಹೊದಿಸಿದರು, ಅದು ಎಲ್ಲರಿಗೂ ಹೊದಿಸುವ ಶಾಲು. ಕೆಲವು ವರ್ಷಗಳ ಹಿಂದೆ ಯಾದಯ್ಯನೂ ಕೆಲಸ ಬಿಟ್ಟ. ಈಗ ಲಿಂಗಂಪಲ್ಲಿಯಲ್ಲಿ ಸೊಸೆಯ ಕಡೆಯಿಂದ ದಿನಾ ಬೈಸಿಕೊಳ್ಳುತ್ತಾನೆ, ಅವನ ಬಾಯಿಂದಲೇ ಕೇಳಿದ್ದು.

ಹೋದ ವಾರ ಡಿಪೋದಲ್ಲಿ ಸಾಹೇಬರ ಶ್ರದ್ಧಾಂಜಲಿ ಸಭೆ. ಅವರ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಹೊಸ ಅಧಿಕಾರಿಗೆ ಸಾಹೇಬರ ಪರಿಚಯವಿಲ್ಲ. ಯಾರೋ ಬರೆದುಕೊಟ್ಟಿದ್ದನ್ನು ನೋಡಿ, "ಅವರ ಸೇವಾವಧಿಯಲ್ಲಿ ಹೇಳಿಕೊಳ್ಳುವಂಥ ಯಾವ ಘಟನೆಯೂ ನಡೆಯಲಿಲ್ಲ" ಎಂದರು. ಪಾಪ, ಅವರು ಬೈದದ್ದೂ ಅಲ್ಲ, ಹೊಗಳಿದ್ದೂ ಅಲ್ಲ. ನನಗೆ ಮಾತ್ರ ಕುರ್ಚಿ ಎತ್ತಿ ಎಸೆಯುವಷ್ಟು ಸಿಟ್ಟು ಬಂತು. ಅದೇ ತಾನೇ ಆ ಮನುಷ್ಯ ಜೀವಮಾನವಿಡೀ ಓಡಿ, ಕೂಗಿ, ನಗೆಪಾಟಲಾಗಿ ಸಂಪಾದಿಸಿದ್ದು!

ಹಳಬ ಎಂದು ಯಾದಯ್ಯನಿಗೂ ಮೈಕು ಕೊಟ್ಟರು. ಅವನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ತೆಲುಗಿನಲ್ಲಿ ಶುರು ಮಾಡಿದ. ಸಾಹೇಬರ ಹೆಂಡತಿಯನ್ನು ನೋಡಿ ಕನ್ನಡಕ್ಕೆ ಹೊರಳಿದ. "ಸಾರು ಬಂಗಾರದಂಥಾ ಮನುಷ್ಯ ಅಮ್ಮಾ. ಆದ್ರ ಭಾಳ ಅಂಜಬುರುಕ. ಮರ ಬೀಳೋ ಮುಂಚೇನೇ ಓಡತಿದ್ರು. ನೋಡ್ರಿ, ನಾನು ಜಿಂದಗಿ ಎಲ್ಲಾ ಮರ ಕೊಯ್ದೆ, ಮೈ ಮೇಲೆ ಒಂದು ಗೀರು ಇಲ್ಲ. ಒಂದು ಸಲ ಮಾತ್ರ ಮಿಷಿನ್ ಗಂಟಲಿಗೇ ಬಂತು, ಮೈಸಮ್ಮ ಅಡ್ಡ ಕೈ ಇಟ್ಟಳು. ಪಾಪ ಸಾರು, ಸುಮ್ಮಸುಮ್ಮನೆ ಇಷ್ಟು ವರ್ಷ ಅಂಜಿದ್ರು." ಸಭೆ ನಕ್ಕಿತು. ಸಾಹೇಬರ ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

ನನ್ನ ಸರದಿ ಬಂತು. ಈಗ ಹೇಳಿಯೇಬಿಡಬೇಕು ಎಂದು ಎದ್ದೆ. ಸತ್ತವರಿಗೆ ಇನ್ನೇನು ನಷ್ಟ? ಆ ಹೆಂಗಸಿಗಾದರೂ ತನ್ನ ಗಂಡ ಏನಾಗಿದ್ದ ಎಂದು ತಿಳಿಯಲಿ. ಮೈಕು ಹಿಡಿದೆ. ಎದುರಿಗೆ ಈಗಿನ ತಂಡ ಕೂತಿತ್ತು. ಬೆಳಿಗ್ಗೆ ಇವರೆಲ್ಲ ನೀಲಗಿರಿ ತೋಪಿಗೆ ಹೋಗುವವರು. ಪ್ರತಿಯೊಬ್ಬರ ಮಣಿಕಟ್ಟಿನಲ್ಲೂ ಅರಿಶಿನದ ದಾರ.

ಬಾಯಿಗೆ ಬಂದದ್ದನ್ನು ನುಂಗಿದೆ. "ಯಾದಯ್ಯ ಹೇಳಿದ್ದು ಖರೇ ಐತಿ. ಎಲ್ಲಾ ಮೈಸಮ್ಮ ತಾಯಿ ದಯಾ" ಎಂದು ಹೇಳಿ ಕೂತೆ.

"ಮೈಸಮ್ಮ ತಲ್ಲಿಕಿ ಜೈ!" ಎಂದು ಯಾದಯ್ಯ ಗಂಟಲು ಬಿಚ್ಚಿ ಕೂಗಿದ.